ಮನಸ್ಸಿನೊಡನೆ ಮಾತು: ಹೆರ್ಮನ್ ಮೋಗ್ಲಿಂಗರ ಬದುಕು ಮತ್ತು ದಾಸರ ಪದಗಳ ಅರ್ಥ

ಹತ್ತೊಂಬತ್ತನೆಯ ಶತಮಾನದ ಮಂಗಳೂರಿನ ಸಾಂಸ್ಕೃತಿಕ ಚರಿತ್ರೆಯಲ್ಲಿ ಹೆರ್ಮನ್ ಮೋಗ್ಲಿಂಗ್ ಅವರ ಹೆಸರು ಮುಖ್ಯವಾಗಿ ಎರಡು ಕಾರಣಗಳಿಗಾಗಿ ಸ್ಮರಣೀಯವಾಗಿದೆ. ಕನ್ನಡದ ಮೊದಲ ವೃತ್ತಪತ್ರಿಕೆಯನ್ನು ಹೊರಡಿಸಿದವರು ಅವರು. ಕನ್ನಡದ ಪ್ರಾಚೀನ ಕೃತಿಗಳನ್ನು ಮಾಲೆಯಾಗಿ ಅಚ್ಚಿಗೆ ತಂದ ಮೊದಲಿಗರಲ್ಲಿಯೂ ಅವರೇ ಪ್ರಮುಖರು. ಈ ಎರಡು ಸಾಧನೆಗಳ ಕುರಿತು ಸಾಕಷ್ಟು ಬರೆಯಲಾಗಿದೆ. ಆದರೆ ಅವರ ಪ್ರಕಟಣೆಗಳಲ್ಲಿ ಒಂದಾದ ದಾಸರ ಪದಗಳ ಸಂಕಲನವನ್ನು ಅವರ ಬದುಕಿನ ಜೊತೆಗಿಟ್ಟು ನೋಡುವ ಪ್ರಯತ್ನ ವಿರಳ. ಪುರಾಣಗಳನ್ನೂ ಕಾವ್ಯಗಳನ್ನೂ ವಿದ್ವತ್ತಿನ ದೃಷ್ಟಿಯಿಂದ ಪ್ರಕಟಿಸಬಹುದು. ಮನಸ್ಸನ್ನು ಎದುರಿಗೆ ನಿಲ್ಲಿಸಿಕೊಂಡು ಅದನ್ನು ಗದರಿಸುವ, ಬೇಡುವ, ಸಮಾಧಾನಪಡಿಸುವ ಪದಗಳನ್ನು ಹಾಗೆ ದೂರದಿಂದ ಓದುವುದು ಸುಲಭವಲ್ಲ. ಅನ್ಯಧರ್ಮವನ್ನು ಬೋಧಿಸಲು ಬಂದ ಒಬ್ಬ ಜರ್ಮನ್ ಪಾದ್ರಿ ಈ ಪದಗಳಲ್ಲಿ ಏನನ್ನು ಕಾಣಲು ಸಾಧ್ಯವಿತ್ತು, ಏನನ್ನು ಕಾಣಲು ಸಾಧ್ಯವಿರಲಿಲ್ಲ ಎಂಬ ಪ್ರಶ್ನೆಯನ್ನು ಅವರ ಜೀವನದ ಹಿನ್ನೆಲೆಯಲ್ಲಿ ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ.

ವ್ಯುರ್ಟೆಂಬರ್ಗಿನ ಹಿನ್ನೆಲೆ

ಮೋಗ್ಲಿಂಗರು 1811ರ ಮೇ 29ರಂದು ದಕ್ಷಿಣ ಜರ್ಮನಿಯ ವ್ಯುರ್ಟೆಂಬರ್ಗ್ ಪ್ರಾಂತ್ಯದ ಬ್ರಾಕನ್‌ಹೈಮ್ ಎಂಬ ಊರಿನಲ್ಲಿ ಜನಿಸಿದರು. ಟ್ಯೂಬಿಂಗನ್ ವಿಶ್ವವಿದ್ಯಾನಿಲಯದಲ್ಲಿ ದೇವತಾಶಾಸ್ತ್ರವನ್ನು ಅಧ್ಯಯನ ಮಾಡಿದರು. ಆ ಕಾಲದ ಟ್ಯೂಬಿಂಗನ್ ಎರಡು ವಿರುದ್ಧ ಸೆಳೆತಗಳ ನೆಲೆಯಾಗಿತ್ತು. ಒಂದು ಕಡೆ ಹೆಗೆಲ್‌ನ ತತ್ತ್ವಜ್ಞಾನದಿಂದ ಪ್ರಭಾವಿತವಾದ ವಿಮರ್ಶಾತ್ಮಕ ವಿಚಾರಧಾರೆ ಪ್ರಬಲವಾಗುತ್ತಿತ್ತು. ಯೇಸುವಿನ ಚರಿತ್ರೆಯನ್ನು ಐತಿಹಾಸಿಕ ವಿಮರ್ಶೆಗೆ ಒಡ್ಡಿದ ಡೇವಿಡ್ ಸ್ಟ್ರಾಸ್‌ನ ಗ್ರಂಥ 1835ರಲ್ಲಿ ಹೊರಬಂದುದು ಇದೇ ಪರಿಸರದಿಂದ. ಇನ್ನೊಂದು ಕಡೆ ವ್ಯುರ್ಟೆಂಬರ್ಗಿನ ಹಳ್ಳಿ ಪಟ್ಟಣಗಳಲ್ಲಿ ಬೇರುಬಿಟ್ಟಿದ್ದ ಪಯಟಿಸಂ ಎಂಬ ಭಕ್ತಿಪಂಥವಿತ್ತು. ಬಾಹ್ಯಾಚರಣೆಗಿಂತ ಹೃದಯದ ಪರಿವರ್ತನೆ ಮುಖ್ಯ, ಪ್ರತಿಯೊಬ್ಬನೂ ತನ್ನ ಅಂತರಂಗವನ್ನು ದಿನದಿನವೂ ಶೋಧಿಸಿಕೊಳ್ಳಬೇಕು, ಅದನ್ನು ಪತ್ರಗಳಲ್ಲಿಯೂ ದಿನಚರಿಗಳಲ್ಲಿಯೂ ಬಿಚ್ಚಿಡಬೇಕು ಎಂಬುದು ಈ ಪಂಥದ ನಿಲುವು. ಬಾಸೆಲ್ ಮಿಶನ್ ಸಂಸ್ಥೆಗೆ ಜೀವದ್ರವ್ಯವನ್ನು ಒದಗಿಸಿದುದು ಈ ಪಂಥವೇ.

ಮೋಗ್ಲಿಂಗರ ಮಿತ್ರರಾದ ಹೆರ್ಮನ್ ಗುಂಡರ್ಟ್ ಕೂಡ ಇದೇ ಟ್ಯೂಬಿಂಗನ್ನಿನಿಂದ ಹೊರಟು ಮುಂದೆ ತಲಶ್ಶೇರಿಯಲ್ಲಿ ನೆಲೆಸಿ ಮಲಯಾಳದ ವ್ಯಾಕರಣ, ನಿಘಂಟುಗಳನ್ನು ರಚಿಸಿದರು. ಮೋಗ್ಲಿಂಗರ ಮರಣಾನಂತರ ಅವರ ಜೀವನಚರಿತ್ರೆಯನ್ನು ಬರೆದವರೂ ಗುಂಡರ್ಟರೇ. ವಿಚಾರದ ತೀಕ್ಷ್ಣತೆ ಮತ್ತು ಭಕ್ತಿಯ ಆತ್ಮಶೋಧನೆ, ಈ ಎರಡರ ನಡುವೆ ಬೆಳೆದ ಈ ತಲೆಮಾರಿನವರಿಗೆ ಅಂತರಂಗದ ಹೋರಾಟವೆಂಬುದು ಪುಸ್ತಕದ ಮಾತಾಗಿರಲಿಲ್ಲ. ತಾನು ಬಯಸುವ ಒಳಿತನ್ನು ತಾನೇ ಮಾಡಲಾರದ ಮನುಷ್ಯನ ಸ್ಥಿತಿಯನ್ನು ಸಂತ ಪೌಲನು ರೋಮಿನವರಿಗೆ ಬರೆದ ಪತ್ರದ ಏಳನೆಯ ಅಧ್ಯಾಯದಲ್ಲಿ ವಿವರಿಸಿದ್ದಾನೆ. ಅದು ಅವರ ಧರ್ಮಜೀವನದ ಕೇಂದ್ರ ಪಠ್ಯವಾಗಿತ್ತು. ಬೈಬಲಿನ ಕೀರ್ತನೆಗಳಲ್ಲಿ ನಲವತ್ತೆರಡನೆಯದು ಭಕ್ತನು ತನ್ನ ಪ್ರಾಣವನ್ನೇ ಸಂಬೋಧಿಸಿ ಅದರ ಕುಗ್ಗುವಿಕೆಗೆ ಕಾರಣವನ್ನು ಕೇಳುವ ರಚನೆ. ಹದಿನೇಳನೆಯ ಶತಮಾನದ ಪೌಲ್ ಗೆರ್ಹಾರ್ಟ್‌ನ ಜರ್ಮನ್ ಗೀತೆಗಳಲ್ಲಿಯೂ ಇದೇ ಬಗೆಯ ಸ್ವಸಂಬೋಧನೆ ಕಂಡುಬರುತ್ತದೆ. ತನ್ನೊಳಗಿನ ಒಂದು ಭಾಗವನ್ನು ಬೇರ್ಪಡಿಸಿ ಅದರೊಡನೆ ಮಾತನಾಡುವ ಗೀತಪ್ರಕಾರವನ್ನು ಹೀಗೆ ಮೋಗ್ಲಿಂಗರು ತಮ್ಮ ತಾಯ್ನುಡಿಯಲ್ಲಿಯೇ ಬಲ್ಲವರಾಗಿದ್ದರು. ಅದೇ ಪ್ರಕಾರ ಕನ್ನಡದಲ್ಲಿ ಅದಾಗಲೇ ಮೂರು ಶತಮಾನಗಳಷ್ಟು ಹಳೆಯದಾಗಿತ್ತು.

ಮಂಗಳೂರಿನ ವರ್ಷಗಳು

ಬಾಸೆಲ್ ಮಿಶನ್ನಿನ ಮೊದಲ ಮೂವರು ಪಾದ್ರಿಗಳಾದ ಹೆಬಿಕ್, ಲೇನರ್ ಮತ್ತು ಗ್ರೈನರ್ 1834ರಲ್ಲಿ ಮಂಗಳೂರನ್ನು ತಲುಪಿದ್ದರು. ಮೋಗ್ಲಿಂಗರು ಬಂದುದು 1836ರಲ್ಲಿ. ಬಂದ ಕೆಲವೇ ಕಾಲದಲ್ಲಿ ಕನ್ನಡವನ್ನು ಕಲಿತು, ಧಾರವಾಡ ಹುಬ್ಬಳ್ಳಿ ಸೀಮೆಯಲ್ಲಿ ಕೆಲಸಮಾಡಿ, ಮತ್ತೆ ಮಂಗಳೂರಿಗೆ ಮರಳಿ ಶಿಕ್ಷಣಕಾರ್ಯವನ್ನು ವಹಿಸಿಕೊಂಡರು. ಯುರೋಪಿಯನ್ನರ ಜೀವನಕ್ರಮವನ್ನು ತ್ಯಜಿಸಿ ದೇಶೀಯರ ನಡುವೆ ಸರಳವಾಗಿ ಬದುಕಬೇಕೆಂಬ ವಿಚಾರ ಅವರಲ್ಲಿ ಪ್ರಬಲವಾಗಿತ್ತು. ಆ ವಿಚಾರ ಪೂರ್ಣವಾಗಿ ಕಾರ್ಯರೂಪಕ್ಕೆ ಬರಲಿಲ್ಲವಾದರೂ ವಿದ್ಯಾರ್ಥಿಗಳೊಡನೆ ಅವರು ಇಟ್ಟುಕೊಂಡ ನಿಕಟ ಸಂಬಂಧದಲ್ಲಿ ಅದರ ಛಾಯೆಯನ್ನು ಗುರುತಿಸಬಹುದು.

ಕೆನರಾ ಜಿಲ್ಲೆಯ ಕಲೆಕ್ಟರರಾಗಿದ್ದ ಬ್ಲೇರ್ ಅವರು 1840ರಲ್ಲಿ ಮಿಶನ್ನಿಗೆ ನೀಡಿದ ಬಲ್ಮಠದ ಗುಡ್ಡ ಮುಂದೆ ಈ ಚಟುವಟಿಕೆಗಳ ಕೇಂದ್ರವಾಯಿತು. ಅಂದಿನ ಮಂಗಳೂರು ಬಂದರಿನ ಸುತ್ತ ಹಬ್ಬಿದ್ದ ಸಣ್ಣ ಪಟ್ಟಣ. ಇಂದು ನಗರದೊಳಗೆ ಸೇರಿಹೋಗಿರುವ ದೇರೆಬೈಲ್, ಕೊಂಚಾಡಿ ಮುಂತಾದ ಪ್ರದೇಶಗಳು ಆಗ ಮುರಕಲ್ಲಿನ ಗುಡ್ಡಗಳೂ ಅವುಗಳ ನಡುವಣ ಗದ್ದೆಬೈಲುಗಳೂ ಕೂಡಿದ ಗ್ರಾಮಗಳಾಗಿದ್ದವು. ಬೈಲು ಎಂಬ ಪದವೇ ಆ ಭೂರಚನೆಯನ್ನು ಇಂದಿಗೂ ಊರಿನ ಹೆಸರಿನಲ್ಲಿ ಉಳಿಸಿಕೊಂಡಿದೆ. ಆಡುಮಾತಿನಲ್ಲಿ ತುಳು, ಕೊಂಕಣಿ, ಬ್ಯಾರಿ ಭಾಷೆಗಳು. ಶಾಲೆಯಲ್ಲಿ, ಕಚೇರಿಯಲ್ಲಿ, ಯಕ್ಷಗಾನದಲ್ಲಿ, ಭಜನೆಯಲ್ಲಿ ಕನ್ನಡ. ಮನೆಮಾತು ಯಾವುದೇ ಆಗಿದ್ದರೂ ದೇವರ ಮುಂದೆ ಹಾಡುವ ಭಾಷೆಯಾಗಿ ಕನ್ನಡವು ಈ ನೆಲದಲ್ಲಿ ವ್ಯಾಪಿಸಿದುದರಲ್ಲಿ ಉಡುಪಿಯ ಸಾನ್ನಿಧ್ಯಕ್ಕೂ ದಾಸರ ಪದಗಳಿಗೂ ದೊಡ್ಡ ಪಾಲಿದೆ. ಮೋಗ್ಲಿಂಗರು ಕಲಿತ ಕನ್ನಡವು ಇಂತಹ ಪರಿಸರದ ಕನ್ನಡವಾಗಿತ್ತು.

1841ರಲ್ಲಿ ಮಂಗಳೂರಿನಲ್ಲಿ ಮಿಶನ್ನಿನ ಕಲ್ಲಚ್ಚಿನ ಮುದ್ರಣಾಲಯ ಆರಂಭವಾಯಿತು. 1843ರ ಜುಲೈ 1ರಂದು ಮೋಗ್ಲಿಂಗರು ಮಂಗಳೂರ ಸಮಾಚಾರ ಪಾಕ್ಷಿಕವನ್ನು ಹೊರಡಿಸಿದರು. ನಾಲ್ಕು ಪುಟಗಳ ಈ ಪತ್ರಿಕೆಯ ಬೆಲೆ ಒಂದು ದುಡ್ಡು. ಊರಿನ ಸುದ್ದಿ, ಸರ್ಕಾರದ ನಿರೂಪಗಳು, ಪರದೇಶಗಳ ವರ್ತಮಾನ, ಕಥೆ, ನೀತಿಗಳು ಅದರಲ್ಲಿ ಇರುತ್ತಿದ್ದವು. 1844ರಲ್ಲಿ ಪತ್ರಿಕೆ ಬಳ್ಳಾರಿಗೆ ವರ್ಗಾವಣೆಗೊಂಡು ಕನ್ನಡ ಸಮಾಚಾರವೆಂಬ ಹೆಸರಿನಲ್ಲಿ ಮುದ್ರಣವಾಯಿತು.

ಅದೇ 1844ರಲ್ಲಿ ನಡೆದ ಇನ್ನೊಂದು ಘಟನೆ ಅವರ ಬದುಕಿನ ದಿಕ್ಕನ್ನು ಹೆಚ್ಚು ಆಳವಾಗಿ ಪ್ರಭಾವಿಸಿತು. ಅವರ ಶಾಲೆಯಲ್ಲಿ ಓದಿದ್ದ ಆನಂದರಾವ್ ಕೌಂಡಿನ್ಯರೂ ಇನ್ನಿಬ್ಬರು ಸಾರಸ್ವತ ಯುವಕರೂ ಜನವರಿ ತಿಂಗಳಿನಲ್ಲಿ ಕ್ರೈಸ್ತದೀಕ್ಷೆಯನ್ನು ಪಡೆದರು. ಪಟ್ಟಣದಲ್ಲಿ ದೊಡ್ಡ ಕ್ಷೋಭೆಯುಂಟಾಯಿತು. ಮಿಶನ್ನಿನ ದಾಖಲೆಗಳಲ್ಲಿ ಇದು ವಿಜಯದ ಪ್ರಸಂಗ. ಆ ಕುಟುಂಬಗಳ ಪಾಲಿಗೆ ಇದು ಮಗನನ್ನು ಬದುಕಿರುವಾಗಲೇ ಕಳೆದುಕೊಂಡ ಪ್ರಸಂಗ. ಗುರುವಿನ ಹೆಸರನ್ನೂ ಸೇರಿಸಿಕೊಂಡು ಹೆರ್ಮನ್ ಆನಂದರಾವ್ ಕೌಂಡಿನ್ಯರಾದ ಈ ಶಿಷ್ಯನನ್ನು ಮೋಗ್ಲಿಂಗರು ಯುರೋಪಿಗೆ ಕರೆದುಕೊಂಡು ಹೋದರು. ಬಾಸೆಲಿನಲ್ಲಿ ವ್ಯಾಸಂಗ ಮುಗಿಸಿ 1851ರಲ್ಲಿ ಪಾದ್ರಿಯಾಗಿ ಕೌಂಡಿನ್ಯರು ಹಿಂದಿರುಗಿದರು. ಪುಸ್ತಕದಿಂದ ಕಲಿತ ಕನ್ನಡಕ್ಕಿಂತ ಭಿನ್ನವಾಗಿ, ಹಾಡನ್ನೂ ಪುರಾಣವನ್ನೂ ಬಾಲ್ಯದಿಂದ ಕೇಳಿಕೊಂಡು ಬಂದ ಮನೆತನಗಳ ಒಳಜಗತ್ತು ಮೋಗ್ಲಿಂಗರ ಅನುಭವದ ಭಾಗವಾದುದು ಇಂತಹ ಶಿಷ್ಯರ ಒಡನಾಟದಿಂದ. ಅವರು ದಾಸರ ಪದಗಳನ್ನು ಪ್ರಕಟಿಸುವ ಹೊತ್ತಿಗೆ, ಒಬ್ಬ ಮನುಷ್ಯನ ಒಳಗಿನ ಎಳೆದಾಟದ ಬೆಲೆ ಎಷ್ಟೆಂಬುದನ್ನು ತಮ್ಮ ಕಣ್ಣೆದುರಿನಲ್ಲಿಯೇ ಕಂಡಿದ್ದರು.

ದಾಸರ ಪದಗಳು ಕಲ್ಲಚ್ಚಿಗೆ ಬಂದುದು

ನಿವೃತ್ತ ಅಧಿಕಾರಿಯಾಗಿ ನೀಲಗಿರಿಯಲ್ಲಿ ನೆಲೆಸಿದ್ದ ಕಾಸಮೇಜರ್ ಅವರ ಧನಸಹಾಯದಿಂದ ಮೋಗ್ಲಿಂಗರು ಬಿಬ್ಲಿಯೋಥಿಕಾ ಕರ್ನಾಟಿಕಾ ಎಂಬ ಗ್ರಂಥಮಾಲೆಯನ್ನು ಕೈಗೊಂಡರು. 1848ರಿಂದ 1853ರ ಅವಧಿಯಲ್ಲಿ ಹೊರಬಂದ ಈ ಮಾಲೆಯಲ್ಲಿ ಜೈಮಿನಿ ಭಾರತ, ಬಸವಪುರಾಣ, ಚೆನ್ನಬಸವಪುರಾಣ, ಕುಮಾರವ್ಯಾಸ ಭಾರತದ ಭಾಗಗಳು ಮುಂತಾದವು ಸೇರಿವೆ. 1850ರಲ್ಲಿ ಇದೇ ಮಾಲೆಯಲ್ಲಿ ದಾಸರ ಪದಗಳ ಸಂಕಲನ ಪ್ರಕಟವಾಯಿತು. ಸುಮಾರು 170 ಪದಗಳಿರುವ ಈ ಸಂಕಲನವು ಹರಿದಾಸ ಸಾಹಿತ್ಯದ ಮುದ್ರಣಚರಿತ್ರೆಯ ಮೊದಲ ಮೈಲಿಗಲ್ಲು.

ಮಾಲೆಯ ಇತರ ಕೃತಿಗಳಿಗೂ ಈ ಸಂಕಲನಕ್ಕೂ ಮುಖ್ಯವಾದ ಒಂದು ವ್ಯತ್ಯಾಸವಿದೆ. ಲಕ್ಷ್ಮೀಶ, ಕುಮಾರವ್ಯಾಸ, ಭೀಮಕವಿ ಇವರ ಕೃತಿಗಳಿಗೆ ಓಲೆಗರಿಯ ಪರಂಪರೆಯಿತ್ತು. ಸಂಧಿ, ಪದ್ಯಸಂಖ್ಯೆ, ಆದಿ ಅಂತ್ಯಗಳು ನಿಶ್ಚಿತವಾಗಿದ್ದವು. ದಾಸರ ಪದಗಳಿಗೆ ಓಲೆಯಷ್ಟೇ ಗಾಯಕರ ಕಂಠವೂ ಆಶ್ರಯವಾಗಿತ್ತು. ಒಂದೇ ಪದ ಊರಿನಿಂದ ಊರಿಗೆ ಚರಣಗಳ ಸಂಖ್ಯೆಯಲ್ಲಿ, ಕ್ರಮದಲ್ಲಿ, ಮಾತಿನಲ್ಲಿ ಬದಲಾಗುತ್ತದೆ. ಕರ್ತೃವನ್ನು ಗುರುತಿಸಲು ಇರುವ ಮುಖ್ಯ ಆಧಾರ ಕೊನೆಯ ಚರಣದ ಅಂಕಿತವೊಂದೇ. ಪುರಂದರವಿಠಲ, ಕಾಗಿನೆಲೆಯಾದಿಕೇಶವ ಮುಂತಾದ ಅಂಕಿತಗಳು ಕವಿಯ ಹೆಸರಲ್ಲ, ಕವಿಯ ದೈವದ ಹೆಸರು ಎಂಬುದನ್ನು ಇಲ್ಲಿ ಗಮನಿಸಬೇಕು.

ಕಲ್ಲಚ್ಚಿನಲ್ಲಿ ಅಕ್ಷರಗಳನ್ನು ಮೊಳೆಗಳಿಂದ ಜೋಡಿಸುವುದಿಲ್ಲ. ಲಿಪಿಕಾರನು ಜಿಡ್ಡಿನ ಮಸಿಯಲ್ಲಿ ಬರೆದ ಬರಹವು ನಯಗೊಳಿಸಿದ ಸುಣ್ಣಕಲ್ಲಿನ ಮೇಲೆ ಮೂಡಿ ಅಲ್ಲಿಂದ ಕಾಗದಕ್ಕೆ ಇಳಿಯುತ್ತದೆ. ಆದುದರಿಂದ ಕಲ್ಲಚ್ಚಿನ ಪುಟ ಹಸ್ತಪ್ರತಿಗೆ ಹತ್ತಿರವಾದುದು. ಹಾಗಿದ್ದರೂ ಕಂಠದಿಂದ ಪುಟಕ್ಕೆ ಬರುವಾಗ ಪದವು ಕೆಲವನ್ನು ಕಳೆದುಕೊಳ್ಳುತ್ತದೆ. ಅದರಲ್ಲಿ ಪ್ರಧಾನವಾದುದು ಪಲ್ಲವಿಯ ಆವೃತ್ತಿ. ಹಾಡುವಾಗ ಪ್ರತಿ ಚರಣದ ಬಳಿಕವೂ ಮರಳಿ ಬರುವ ಪಲ್ಲವಿ ಪುಟದ ಮೇಲೆ ಒಮ್ಮೆ ಮಾತ್ರ ಕಾಣಿಸಿಕೊಳ್ಳುತ್ತದೆ. ಇದು ಕೇವಲ ಸಂಗೀತಕ್ಕೆ ಸಂಬಂಧಿಸಿದ ವಿಷಯವಲ್ಲ. ಅಂತರಂಗದ ಹೋರಾಟವನ್ನು ಹೇಳುವ ಪದಗಳಲ್ಲಿ ಅರ್ಥವೇ ಇದರ ಮೇಲೆ ನಿಂತಿರುತ್ತದೆ.

ಮನಸ್ಸನ್ನು ಸಂಬೋಧಿಸುವ ಪದಗಳ ರಚನೆ

ಈ ಮಾತನ್ನು ಒಂದು ನಿದರ್ಶನದಿಂದ ಸ್ಪಷ್ಟಪಡಿಸಬಹುದು. ಕನಕದಾಸರ ಅಂಕಿತದಲ್ಲಿ ಪ್ರಚಲಿತವಾಗಿರುವ, ತಳಮಳಗೊಂಡ ಮನಸ್ಸನ್ನು ತಾಳ್ಮೆಗೆ ಕರೆಯುವ ಪದವು ಕರಾವಳಿಯಲ್ಲಿಯೂ ಮಲೆನಾಡಿನಲ್ಲಿಯೂ ಬಯಲುಸೀಮೆಯಲ್ಲಿಯೂ ಸಮಾನವಾಗಿ ಜನಪ್ರಿಯವಾಗಿದೆ. ಬೆಟ್ಟದ ನೆತ್ತಿಯಲ್ಲಿ ಬೆಳೆದ ಮರ, ಕಾಡಿನ ಮೃಗಪಕ್ಷಿಗಳು, ಕಲ್ಲಿನೊಳಗಿನ ಕಪ್ಪೆ ಇವುಗಳನ್ನು ಅದು ಒಂದೊಂದಾಗಿ ಮನಸ್ಸಿನ ಮುಂದೆ ತರುತ್ತದೆ. ಇವೆಲ್ಲವನ್ನೂ ಪೊರೆಯುವವನು ನಿನ್ನನ್ನು ಕೈಬಿಡುವನೇ ಎಂಬುದು ಅದರ ತಾತ್ಪರ್ಯ. ಸಾಮಾನ್ಯವಾಗಿ ಇದನ್ನು ಸಾಂತ್ವನದ ಪದವೆಂದು ಅರ್ಥೈಸಲಾಗುತ್ತದೆ. ಆ ಅರ್ಥ ತಪ್ಪಲ್ಲ. ಆದರೆ ಸಾಂತ್ವನವು ಒಂದೇ ದೃಷ್ಟಾಂತದಿಂದ ಫಲಿಸಿದ್ದರೆ ಎರಡನೆಯ ದೃಷ್ಟಾಂತದ ಅಗತ್ಯವಿರಲಿಲ್ಲ. ಮರದ ದೃಷ್ಟಾಂತ ಮುಗಿದೊಡನೆ ಪಲ್ಲವಿ ಮರಳುತ್ತದೆ, ಎಂದರೆ ಮನಸ್ಸು ಇನ್ನೂ ತಳಮಳಿಸುತ್ತಲೇ ಇದೆ. ಆದುದರಿಂದ ಮತ್ತೊಂದು ದೃಷ್ಟಾಂತ ಬೇಕಾಗುತ್ತದೆ; ಅದು ಮುಗಿದಾಗಲೂ ಅದೇ ಪಲ್ಲವಿ. ಪುಟದ ಮೇಲೆ ವಾದವು ಮುಂದೆ ಸಾಗಿದಂತೆ ಕಾಣುತ್ತದೆ. ಹಾಡಿನಲ್ಲಿ ಅದು ಪ್ರತಿ ಸಲವೂ ಹೊರಟಲ್ಲಿಗೇ ಬರುತ್ತದೆ. ಸಮಾಧಾನ ಹೇಳುವವನೂ ತಳಮಳಿಸುವವನೂ ಒಬ್ಬನೇ ಎಂಬ ಸತ್ಯ ಈ ಮರುಕಳಿಕೆಯಲ್ಲಿ ಅಡಗಿದೆ. ಪದದ ಹೋರಾಟವಿರುವುದು ದೃಷ್ಟಾಂತಗಳಲ್ಲಲ್ಲ, ಅವುಗಳ ನಡುವೆ.

ಈ ಪ್ರಕಾರದ ಪದಗಳಲ್ಲಿ ಮೂರು ಪಾತ್ರಗಳನ್ನು ಗುರುತಿಸಬಹುದು. ಮೊದಲನೆಯದು ಮಾತನಾಡುವ ಜೀವ. ಎರಡನೆಯದು ನೀನು ಎಂದು ಕರೆಸಿಕೊಳ್ಳುವ ಮನಸ್ಸು. ಮೂರನೆಯದು ಪದದ ಬಹುಭಾಗ ಹಿನ್ನೆಲೆಯಲ್ಲಿದ್ದು ಅಂಕಿತದಲ್ಲಿ ಹೆಸರುಗೊಳ್ಳುವ ದೈವ. ಜೀವಕ್ಕೂ ಮನಸ್ಸಿಗೂ ನಡೆಯುವ ವಾಗ್ವಾದದಲ್ಲಿ ಜೀವವು ಸ್ವಂತ ಬಲದಿಂದ ಗೆಲ್ಲುವುದಿಲ್ಲ. ಮೂರನೆಯವನ ಹೆಸರು ಬಂದಾಗ ಹೋರಾಟ ಶಮನಗೊಳ್ಳುತ್ತದೆ. ಮಾಧ್ವಸಿದ್ಧಾಂತದಲ್ಲಿ ಇದಕ್ಕೆ ಖಚಿತವಾದ ತಾತ್ತ್ವಿಕ ಆಧಾರವಿದೆ. ಹರಿಯೊಬ್ಬನೇ ಸ್ವತಂತ್ರ, ಜೀವರು ಅಸ್ವತಂತ್ರರು. ಇಂದ್ರಿಯಗಳಿಗೂ ಮನಸ್ಸಿಗೂ ಅಭಿಮಾನಿ ದೇವತೆಗಳಿದ್ದಾರೆ. ಮನಸ್ಸಿನ ನಿಯಾಮಕನು ರುದ್ರ. ವಿಜಯದಾಸರು (1682–1755) ಶಿವನನ್ನು ಸ್ತುತಿಸುತ್ತಾ ತನ್ನ ಮನಸ್ಸನ್ನು ಹರಿಯಲ್ಲಿ ನಿಲ್ಲಿಸೆಂದು ಪ್ರಾರ್ಥಿಸುವುದು ಈ ಹಿನ್ನೆಲೆಯಲ್ಲಿಯೇ. ಮನಸ್ಸು ಚಂಚಲವಾಗಿರುವುದು ಜೀವನ ದೌರ್ಬಲ್ಯವಷ್ಟೇ ಅಲ್ಲ. ಅದು ಜೀವನ ಅಸ್ವಾತಂತ್ರ್ಯದ ದಿನನಿತ್ಯದ ಸಾಕ್ಷಿ. ಮನಸ್ಸನ್ನು ಗದರಿಸುವ ಪದ ಕೊನೆಗೆ ಪ್ರಾರ್ಥನೆಯಾಗುವುದು ಈ ಕಾರಣದಿಂದ.

ಮೋಗ್ಲಿಂಗರ ಓದು: ಸಾಮೀಪ್ಯ ಮತ್ತು ಅಂತರ

ಪಯಟಿಸಂನ ಹಿನ್ನೆಲೆಯಿಂದ ಬಂದವನಿಗೆ ಈ ಪದಗಳಲ್ಲಿ ಪರಿಚಿತವೆನಿಸುವ ಅಂಶಗಳು ಹಲವು. ಹೊರಗಿನ ಸ್ನಾನ, ವೇಷ, ಜಪಮಾಲೆಗಳಿಂದ ಒಳಗು ಶುದ್ಧವಾಗದೆಂಬ ದಾಸರ ವಿಡಂಬನೆ, ಬಾಹ್ಯಾಚರಣೆಯನ್ನು ಪಯಟಿಸಂ ಟೀಕಿಸಿದ ರೀತಿಗೆ ಹತ್ತಿರದ್ದು. ತಾನು ಪತಿತನೆಂಬ ದೈನ್ಯ, ತನ್ನ ಕರ್ಮದಿಂದಲ್ಲದೆ ದೇವರ ಕೃಪೆಯಿಂದಲೇ ಉದ್ಧಾರವೆಂಬ ನಂಬಿಕೆ ಲೂಥರನ ಅನುಯಾಯಿಗೆ ಅಪರಿಚಿತವಲ್ಲ. ಕನಕದಾಸರ ಮರ, ಮೃಗ, ಪಕ್ಷಿಗಳನ್ನು ಓದುವಾಗ ಮತ್ತಾಯನ ಸುವಾರ್ತೆಯ ಆರನೆಯ ಅಧ್ಯಾಯದ ಆಕಾಶದ ಹಕ್ಕಿಗಳೂ ಹೊಲದ ಹೂಗಳೂ ಕ್ರೈಸ್ತ ಓದುಗನಿಗೆ ನೆನಪಾಗದಿರುವುದು ಅಸಾಧ್ಯ. ಹತ್ತೊಂಬತ್ತನೆಯ ಶತಮಾನದ ಮಿಶನರಿಗಳಲ್ಲಿ ಹಲವರು ದೇಶಭಾಷೆಗಳ ಭಕ್ತಿಗೀತೆಗಳನ್ನು ಎರಡು ರೀತಿಗಳಲ್ಲಿ ಬಳಸಿಕೊಂಡರು. ಮೂರ್ತಿಪೂಜೆಯನ್ನೂ ಪುರೋಹಿತಶಾಹಿಯನ್ನೂ ಖಂಡಿಸಲು ಅವು ಒಳಗಿನ ಸಾಕ್ಷಿಗಳಾದವು. ಸತ್ಯದ ಹಂಬಲವಿದ್ದರೂ ಅದರ ಪೂರ್ಣತೆಗೆ ಕ್ರಿಸ್ತನು ಬೇಕೆಂಬ ವಾದಕ್ಕೆ ಅವು ಪೂರ್ವಪೀಠಿಕೆಗಳಾದವು. ವಸಾಹತುಶಾಹಿಯ ನೆರಳಿನಲ್ಲಿ ನಡೆದ ಈ ಸಂಕಲನಕಾರ್ಯವನ್ನು ಆ ಉದ್ದೇಶಗಳಿಂದ ಪೂರ್ತಿಯಾಗಿ ಬಿಡಿಸಿ ನೋಡಲಾಗದು.

ಆದರೆ ಉದ್ದೇಶವೊಂದೇ ಕೃತಿಯ ಅರ್ಥವನ್ನು ನಿರ್ಣಯಿಸುವುದಿಲ್ಲ. ಖಂಡನೆಗಾಗಿ ಎತ್ತಿಕೊಂಡ ಕೆಲವು ಸಾಲುಗಳ ಸಂಗ್ರಹಕ್ಕೂ ಪದಗಳನ್ನು ಅಂಕಿತಸಮೇತ ಇಡಿಯಾಗಿ ಅಚ್ಚುಹಾಕುವುದಕ್ಕೂ ವ್ಯತ್ಯಾಸವಿದೆ. ಅಂಕಿತವನ್ನು ತೆಗೆದರೆ ಮನಸ್ಸಿನ ಹೋರಾಟದ ಪದವು ಯಾವ ಧರ್ಮದವನಾದರೂ ಹಾಡಬಹುದಾದ ಸಾಮಾನ್ಯ ಆತ್ಮನಿವೇದನೆಯಾಗಿ ಉಳಿಯುತ್ತದೆ. ಅಂಕಿತವನ್ನು ಇಟ್ಟರೆ ಆ ಹೋರಾಟಕ್ಕೆ ಉಡುಪಿ, ಪಂಢರಪುರ, ಕಾಗಿನೆಲೆಗಳ ವಿಳಾಸ ದೊರೆಯುತ್ತದೆ. ಮೂರನೆಯ ಪಾತ್ರದ ಹೆಸರನ್ನು ಅಳಿಸದೆ ಪ್ರಕಟಿಸಿದ ಸಂಪಾದಕರು, ತಮ್ಮ ವೈಯಕ್ತಿಕ ಓದು ಯಾವುದೇ ಇರಲಿ, ಅದಕ್ಕೆ ವಿರುದ್ಧವಾದ ಓದಿಗೂ ಅವಕಾಶವನ್ನು ಉಳಿಸಿಕೊಟ್ಟಿದ್ದಾರೆ.

ಎರಡು ಪರಂಪರೆಗಳ ನಡುವಣ ಅಂತರವನ್ನೂ ಇಲ್ಲಿ ಸ್ಪಷ್ಟಪಡಿಸಬೇಕು. ಪೌಲನ ಪಠ್ಯದಲ್ಲಿ ಹೋರಾಟವಿರುವುದು ಸಂಕಲ್ಪಕ್ಕೂ ಪಾಪಕ್ಕೂ ನಡುವೆ. ಅದರ ಹಿಂದೆ ಆದಿಪಾಪದ ಕಥನವಿದೆ. ಪರಿಹಾರವು ಒಂದು ಐತಿಹಾಸಿಕ ಘಟನೆಯಲ್ಲಿ, ಶಿಲುಬೆಯಲ್ಲಿ, ನಡೆದುಹೋಗಿದೆ. ಪಯಟಿಸ್ಟನ ಆತ್ಮಶೋಧನೆ ಹೃದಯಪರಿವರ್ತನೆಯ ನಿರ್ದಿಷ್ಟ ಕ್ಷಣವೊಂದನ್ನು ಅರಸುತ್ತದೆ. ದಾಸರ ಪದದಲ್ಲಿ ಅಂತಹ ಒಂದು ಕ್ಷಣಕ್ಕೆ ಪ್ರಾಧಾನ್ಯವಿಲ್ಲ. ಗೀತೆಯ ಆರನೆಯ ಅಧ್ಯಾಯದಲ್ಲಿ ಮನಸ್ಸು ಗಾಳಿಯಂತೆ ಹಿಡಿತಕ್ಕೆ ಸಿಗದೆಂದು ಅರ್ಜುನನು ಹೇಳಿದಾಗ ಕೃಷ್ಣನು ಸೂಚಿಸುವ ಮಾರ್ಗ ಅಭ್ಯಾಸ ಮತ್ತು ವೈರಾಗ್ಯ. ಅಭ್ಯಾಸವೆಂದರೆ ಮತ್ತೆ ಮತ್ತೆ ಮಾಡುವುದು. ಪಲ್ಲವಿಯೂ ಮತ್ತೆ ಮತ್ತೆ ಬರುವುದೇ ಆಗಿದೆ. ದಾಸರ ಪದದ ಸಂಗೀತರಚನೆಯೇ ಅಭ್ಯಾಸಯೋಗದ ಒಂದು ರೂಪ. ಮನಸ್ಸು ಒಮ್ಮೆ ಗೆದ್ದು ಮುಗಿಸುವಂತಹದಲ್ಲ, ನಿತ್ಯವೂ ಕರೆದು ತರಬೇಕಾದುದು. ಪರಿವರ್ತನೆಯ ಕ್ಷಣವನ್ನು ಹುಡುಕುವ ಓದಿಗೆ ಈ ಮರುಕಳಿಕೆ ಅತೃಪ್ತಿಯ ಗುರುತಾಗಿ, ದಾರಿ ಕಾಣದವನ ಸುತ್ತಾಟವಾಗಿ ತೋರುವ ಸಂಭವವಿದೆ. ಪರಂಪರೆಯ ಒಳಗಿನಿಂದ ನೋಡಿದರೆ ಅದೇ ದಾರಿ.

ಕೊಡಗು, ಸ್ವದೇಶ, ಜರ್ಮನ್ ಅನುವಾದಗಳು

ಮೋಗ್ಲಿಂಗರ ಮುಂದಿನ ಬದುಕು ಈ ಎರಡನೆಯ ಅರ್ಥಕ್ಕೇ ಹೆಚ್ಚು ಹತ್ತಿರವಾಗಿ ಸಾಗಿದುದು ಗಮನಾರ್ಹ. ಒಂದು ಕಾರ್ಯವನ್ನು ಆರಂಭಿಸಿ ಅದು ನೆಲೆಗೊಳ್ಳುವ ಮೊದಲೇ ಇನ್ನೊಂದಕ್ಕೆ ಹೋಗಬೇಕಾದ ಸ್ಥಿತಿ ಅವರಿಗೆ ಪದೇಪದೇ ಒದಗಿತು. ಪತ್ರಿಕೆ ಒಂದು ವರ್ಷ ತುಂಬುವುದರೊಳಗೆ ಮಂಗಳೂರನ್ನು ಬಿಟ್ಟಿತು. ಗ್ರಂಥಮಾಲೆ ಐದಾರು ವರ್ಷಗಳಲ್ಲಿ ನಿಂತಿತು. 1853ರಲ್ಲಿ ಕೊಡಗಿನ ಅಳಮಂಡ ಸೋಮಯ್ಯ ಎಂಬುವರು ಕ್ರೈಸ್ತಮತವನ್ನು ಸ್ವೀಕರಿಸಿದ ಸಂದರ್ಭದಲ್ಲಿ ಅವರು ಮಂಗಳೂರಿನಿಂದ ಕೊಡಗಿಗೆ ತೆರಳಿದರು. ಮಿಶನ್ನಿನ ಪೂರ್ವನಿಶ್ಚಿತ ಯೋಜನೆಗೆ ಹೊರಗಾದ ಈ ಕ್ಷೇತ್ರದಲ್ಲಿ ಬಹುಮಟ್ಟಿಗೆ ತಮ್ಮದೇ ಹೊಣೆಯಲ್ಲಿ ಅವರು ಕೆಲಸಮಾಡಿದರು. 1855ರಲ್ಲಿ ಕೊಡಗಿನ ಚರಿತ್ರೆ, ಜನಜೀವನಗಳನ್ನು ಕುರಿತ ಅವರ ಇಂಗ್ಲಿಷ್ ಗ್ರಂಥ ಪ್ರಕಟವಾಯಿತು. ದಲಿತ ಕುಟುಂಬಗಳಿಗಾಗಿ ಸ್ಥಾಪಿತವಾದ ಆನಂದಪುರವೆಂಬ ಗ್ರಾಮದ ಹೆಸರು ಶಿಷ್ಯ ಆನಂದರಾವ್ ಕೌಂಡಿನ್ಯರ ನೆನಪನ್ನು ಹೊತ್ತಿದೆ. 1858ರಲ್ಲಿ ಟ್ಯೂಬಿಂಗನ್ ವಿಶ್ವವಿದ್ಯಾನಿಲಯವು ಕನ್ನಡ ಸಾಹಿತ್ಯಸೇವೆಗಾಗಿ ಅವರಿಗೆ ಗೌರವ ಡಾಕ್ಟರೇಟ್ ಪದವಿಯನ್ನು ನೀಡಿತು. 1860ರಲ್ಲಿ ಅವರು ಭಾರತವನ್ನು ಬಿಟ್ಟರು, ಮತ್ತೆ ಮರಳಲಿಲ್ಲ.

ಸ್ವದೇಶದಲ್ಲಿ ಅವರು ಕೈಗೆತ್ತಿಕೊಂಡ ಕೆಲಸಗಳಲ್ಲಿ ದಾಸರ ಪದಗಳ ಜರ್ಮನ್ ಅನುವಾದ ಮುಖ್ಯವಾದುದು. 1860ರಿಂದ ಆರಂಭವಾಗಿ ಜರ್ಮನ್ ಪ್ರಾಚ್ಯವಿದ್ಯಾ ಸಂಘದ ನಿಯತಕಾಲಿಕದಲ್ಲಿ ಕನ್ನಡ ಗಾಯಕರ ಗೀತೆಗಳೆಂಬ ಅರ್ಥದ ಶೀರ್ಷಿಕೆಯಡಿ ಇವು ಪ್ರಕಟವಾದವು. ಲಕ್ಷ್ಮೀಶನ ಜೈಮಿನಿ ಭಾರತದ ಆರಂಭದ ಭಾಗವನ್ನೂ ಅದೇ ನಿಯತಕಾಲಿಕದಲ್ಲಿ ಅವರು 1870ರ ದಶಕದಲ್ಲಿ ಅನುವಾದಿಸಿ ಪ್ರಕಟಿಸಿದರು. ಮತಪ್ರಚಾರದ ಕ್ಷೇತ್ರದಿಂದ ದೂರವಾದ ಮೇಲೆ, ಮಂಗಳೂರಿನ ಪೇಟೆಯಲ್ಲಿ ವಾದಕ್ಕೆ ಒದಗುವ ಅಸ್ತ್ರವಾಗಿ ಈ ಪದಗಳಿಂದ ಯಾವ ಪ್ರಯೋಜನವೂ ಇಲ್ಲದಿದ್ದಾಗ, ಅವರು ಅವುಗಳಿಗೆ ಮರಳಿದರೆಂಬುದು ಮುಖ್ಯ ಸಂಗತಿ. ಪ್ರಾಚ್ಯವಿದ್ವಾಂಸರಿಗೆ ಸಂಸ್ಕೃತವೇ ಭಾರತವಾಗಿದ್ದ ಕಾಲದಲ್ಲಿ, ದೇಶಭಾಷೆಯೊಂದರ ಬೀದಿಯಲ್ಲಿ ಹಾಡುವ ಪದಗಳನ್ನು ಅವರು ಆ ವಿದ್ವತ್‌ಪತ್ರಿಕೆಯ ಪುಟಗಳಿಗೆ ತಂದರು. ಮೋಗ್ಲಿಂಗರು 1881ರ ಮೇ 10ರಂದು ಎಸ್‌ಲಿಂಗನ್ನಿನಲ್ಲಿ ತೀರಿಕೊಂಡರು.

ಅವರ ಸಂಕಲನದ ಪ್ರಭಾವ ಹಲವು ದಿಕ್ಕುಗಳಲ್ಲಿ ಹರಡಿತು. 1871ರಲ್ಲಿ ಚಾರ್ಲ್ಸ್ ಗೋವರ್ ಪ್ರಕಟಿಸಿದ ದಕ್ಷಿಣ ಭಾರತದ ಜನಪದಗೀತೆಗಳ ಇಂಗ್ಲಿಷ್ ಗ್ರಂಥದಲ್ಲಿ ಕನ್ನಡ ದಾಸರ ಪದಗಳಿಗೆ ಪ್ರಮುಖ ಸ್ಥಾನ ದೊರೆಯಿತು. 1853ರಲ್ಲಿ ಭಾರತಕ್ಕೆ ಬಂದ ಕಿಟೆಲ್ ಅವರು 1862ರಲ್ಲಿ ಕ್ರಿಸ್ತಚರಿತ್ರೆಯನ್ನು ದೇಶೀಯ ಛಂದಸ್ಸಿನಲ್ಲಿ ಕಥಾಮಾಲೆಯಾಗಿ ರಚಿಸಿದರು. 1894ರಲ್ಲಿ ಹೊರಬಂದ ಅವರ ನಿಘಂಟಿನಲ್ಲಿ ದಾಸರ ಪದಗಳ ಪ್ರಯೋಗಗಳು ಶಬ್ದಾರ್ಥಕ್ಕೆ ಆಧಾರಗಳಾದವು. ಖಂಡನೆಯ ಸಾಧನವಾಗಬಹುದಾಗಿದ್ದ ಪದಗಳು ಕೊನೆಗೆ ಭಾಷೆಯ ಪ್ರಮಾಣಗಳಾದವು.

ಸಮಾರೋಪ

ಮೋಗ್ಲಿಂಗರ ಬದುಕಿನ ಹಿನ್ನೆಲೆಯಲ್ಲಿ ದಾಸರ ಪದಗಳನ್ನು ಪರಿಶೀಲಿಸಿದಾಗ ಎರಡು ಅಂಶಗಳು ವ್ಯಕ್ತವಾಗುತ್ತವೆ. ಒಂದು, ಅಂತರಂಗದ ಹೋರಾಟವನ್ನು ಕುರಿತ ಗೀತೆಯು ಧರ್ಮದ ಗಡಿಯನ್ನು ದಾಟಿ ಅರ್ಥವಾಗಬಲ್ಲದು. ತನ್ನ ಪರಂಪರೆಯಲ್ಲಿ ಅಂತಹ ಹೋರಾಟವನ್ನು ಬಲ್ಲವನಿಗೆ ಮಾತ್ರ ಅನ್ಯರ ಪದದ ತಳಮಳ ಕೇಳಿಸುತ್ತದೆ. ಎರಡು, ಹಾಗೆ ದಾಟಿ ಬಂದ ಅರ್ಥವು ಪೂರ್ಣಾರ್ಥವಲ್ಲ. ಹೋರಾಟದ ಸ್ವರೂಪ ಸಮಾನವಾಗಿದ್ದರೂ ಅದು ಯಾರಲ್ಲಿ, ಹೇಗೆ ಶಮನಗೊಳ್ಳುತ್ತದೆಂಬುದನ್ನು ಅಂಕಿತವೂ ಪಲ್ಲವಿಯೂ ನಿರ್ಧರಿಸುತ್ತವೆ. ಅಂಕಿತವನ್ನು ಮೋಗ್ಲಿಂಗರ ಪುಟ ಉಳಿಸಿಕೊಂಡಿತು. ಪಲ್ಲವಿಯ ಆವೃತ್ತಿಯನ್ನು ಉಳಿಸುವುದು ಯಾವ ಪುಟಕ್ಕೂ ಸಾಧ್ಯವಿರಲಿಲ್ಲ; ಅದನ್ನು ಉಳಿಸಿದುದು ಹಾಡುವ ಸಮುದಾಯ.

ಬಲ್ಮಠದಲ್ಲಿ ಇಂದು ಕರ್ನಾಟಕ ಥಿಯಲಾಜಿಕಲ್ ಕಾಲೇಜಿದ್ದು, ಬಾಸೆಲ್ ಮಿಶನ್ ಕಾಲದ ಮುದ್ರಿತ ಗ್ರಂಥಗಳು ಅಲ್ಲಿ ಸಂರಕ್ಷಿತವಾಗಿವೆ. ಅಲ್ಲಿಂದ ಉತ್ತರಕ್ಕೆ ಕದ್ರಿಯನ್ನು ದಾಟಿದರೆ ದೇರೆಬೈಲ್. ಗದ್ದೆಗಳಿದ್ದಲ್ಲಿ ಬಡಾವಣೆಗಳು ಬೆಳೆದಿದ್ದರೂ ಈ ಭಾಗದ ಭಜನಾ ಮಂದಿರಗಳಲ್ಲಿ ತುಳು, ಕೊಂಕಣಿ ಮನೆಮಾತಿನವರು ಕೂಡಿ ಕನ್ನಡದ ದಾಸರ ಪದಗಳನ್ನು ಹಾಡುತ್ತಾರೆ. ಭಜನೆಯ ಕ್ರಮದಲ್ಲಿ ಚರಣವನ್ನು ಒಬ್ಬರು ಹೇಳುತ್ತಾರೆ. ಪಲ್ಲವ��ಯನ್ನು ಎಲ್ಲರೂ ಹಿಡಿಯುತ್ತಾರೆ. ಒಬ್ಬನು ತನ್ನ ಮನಸ್ಸಿಗೆ ಹೇಳಿಕೊಂಡ ಮಾತು ಹೀಗೆ ಪ್ರತಿ ಚರಣದ ಕೊನೆಗೂ ನೆರೆದವರೆಲ್ಲರ ಮಾತಾಗುತ್ತದೆ. ದಾಸರ ಪದಗಳ ಅರ್ಥವಿವೇಚನೆಯಲ್ಲಿ ಮುದ್ರಿತ ಪಠ್ಯದ ಜೊತೆಗೆ ಈ ಪ್ರಯೋಗದ ಪಠ್ಯವನ್ನೂ ಆಧಾರವಾಗಿ ಸ್ವೀಕರಿಸುವ ಅಗತ್ಯವಿದೆ. ಕರಾವಳಿಯ ಭಜನಾ ಪರಂಪರೆಯಲ್ಲಿ ಉಳಿದಿರುವ ಪಾಠಾಂತರಗಳನ್ನು 1850ರ ಕಲ್ಲಚ್ಚಿನ ಸಂಕಲನದೊಡನೆ ಹೋಲಿಸುವ ಅಧ್ಯಯನವು ಈ ದಿಕ್ಕಿನಲ್ಲಿ ಉಪಯುಕ್ತವಾದೀತು.